ಅಪ್ಪನ ಶೇರಿಗೆ ಅಣ್ಣ ನಾಮಿನಿ. ನಮಗೆ ಏನೂ ಇಲ್ವಾ?

ದಾವಣಗೆರೆ ಮಗಳು:
ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಸಂಬಳದಲ್ಲಿ ಉಳಿಸಿ ಶೇರು ಕೊಳ್ಳುತ್ತಿದ್ದರು. ಮೊದಲು ಕಾಗದದ ಸರ್ಟಿಫಿಕೇಟುಗಳು ಬೀರುವಿನಲ್ಲಿ ಸೀರೆಗಳ ಕೆಳಗೆ ಇರುತ್ತಿದ್ದವು, ಆಮೇಲೆ ಎಲ್ಲ ಡಿಮ್ಯಾಟ್ ಆಯಿತು, ಅಂದರೆ ಕಾಗದ ಹೋಗಿ ಕಂಪ್ಯೂಟರ್ ಖಾತೆಗೆ ಸೇರಿತು. ಫಾರಂ ತುಂಬಿಸಲು ಅಣ್ಣನೇ ಜೊತೆಗೆ ಹೋಗಿದ್ದರಿಂದ ನಾಮಿನಿ ಅವನೇ ಆದ. ವಿಲ್ ಇಲ್ಲ. ತಂಗಿಯ ಮದುವೆಯ ವರ್ಷ ಅಪ್ಪ ಊಟಕ್ಕೆ ಕೂತಾಗ "ಅವನ ಹೆಸರಲ್ಲಿರಲಿ, ಆಮೇಲೆ ಎಲ್ಲರೂ ಹಂಚಿಕೊಳ್ಳಿ" ಎಂದಿದ್ದರು. ಅಮ್ಮನೂ ಕೇಳಿಸಿಕೊಂಡಿದ್ದಾರೆ.

ಈಗ ಶೇರೆಲ್ಲ ಅಣ್ಣನ ಖಾತೆಗೆ ಹೋಗಿದೆ. ಮೊದಲ ಆರು ತಿಂಗಳು ಡಿವಿಡೆಂಡ್ (ಕಂಪನಿ ಕೊಡುವ ಲಾಭದ ಪಾಲು) ಅಮ್ಮನ ಕೈಗೆ ಕೊಟ್ಟ, ಆಮೇಲೆ ನಿಲ್ಲಿಸಿದ. ಕೇಳಿದರೆ "ಟ್ರಸ್ಟ್ ಅಂತ ಪತ್ರ ಎಲ್ಲಿದೆ?" ಅಂತಾನೆ. ಅಪ್ಪ ಬಾಯಲ್ಲಿ ಹೇಳಿದ್ದು ಟ್ರಸ್ಟ್, ಅಂದರೆ ಎಲ್ಲರ ಪರವಾಗಿ ಅವನ ಹೆಸರಲ್ಲಿಟ್ಟ ಆಸ್ತಿ, ಆಗೋದಿಲ್ವಾ? ಅಮ್ಮ ಅವನ ಮನೆಯಲ್ಲೇ ಇರುವುದು, ಅದಕ್ಕೇ ಜಗಳ ಬೇಡ ಅನ್ನಿಸುತ್ತದೆ.

ಷೇರುಪೇಟೆ ಶೆಟ್ಟಿ:
ಕಂಪನಿ ಕಾಯ್ದೆಯ 72ನೇ ಸೆಕ್ಷನ್ ಓದಿ ಮೇಡಂ. ಶೇರು ನಾಮಿನಿಗೆ ಸೇರುತ್ತದೆ ಅಂತಲೇ ಇದೆ. ಬಾಂಬೆ ಹೈಕೋರ್ಟಿನ 2010ರ ತೀರ್ಪೂ ಹಾಗೇ ಹೇಳಿದೆ. ಮರೆತುಬಿಡಿ.

ರಿಟೈರ್ಡ್ ಸಿಎಸ್ (ಕಂಪನಿ ಸೆಕ್ರೆಟರಿ):
ಶೆಟ್ರೇ, ಆ ತೀರ್ಪಿನ ಕಾಲ ಮುಗಿಯಿತು. ಬಾಂಬೆ ಹೈಕೋರ್ಟಿನ ಡಿವಿಷನ್ ಬೆಂಚೇ (ಇಬ್ಬರು ಜಡ್ಜ್‌ಗಳ ಪೀಠ) 2016ರಲ್ಲಿ ಅದನ್ನು ಒಪ್ಪಲಿಲ್ಲ. 2023ರ ಡಿಸೆಂಬರಿನಲ್ಲಿ ಶಕ್ತಿ ಯೆಜ್ದಾನಿ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಆ ಬೆಂಚಿನ ಮಾತನ್ನೇ ಎತ್ತಿಹಿಡಿಯಿತು. ನಾಮಿನೇಷನ್ ಇದೆ ಅಂದ ಮಾತ್ರಕ್ಕೆ ವಾರಸುದಾರರ ಹಕ್ಕು ಹೋಗುವುದಿಲ್ಲ. ಕಂಪನಿ ಯಾರ ಹೆಸರಿಗೆ ಮಾಡಿಕೊಡಬೇಕು ಅಂತ ತಲೆಕೆಡಿಸಿಕೊಳ್ಳದಿರಲಿ ಅಂತ ನಾಮಿನಿ ಇರುವುದು, ಅಷ್ಟೇ. ಬಾಗಿಲ ಕೀ ಕೈಗೆ ಬಂದವನು ಮನೆಗೆ ಯಜಮಾನ ಆಗ್ತಾನಾ?

ತಾಯಿ, ನೀವು ಟ್ರಸ್ಟ್ ಹಿಂದೆ ಹೋಗಲೇಬೇಡಿ. 1882ರ ಟ್ರಸ್ಟ್ ಕಾಯ್ದೆಯಲ್ಲಿ ಶೇರಿನಂಥ ಚರ ಆಸ್ತಿಗೆ ಪತ್ರವೇ ಬೇಕು ಅಂತಿಲ್ಲ, ಆದರೆ ಪತ್ರ ಇಲ್ಲದಿದ್ದರೆ ಮಾಲೀಕತ್ವವನ್ನಾದರೂ ಟ್ರಸ್ಟಿಗೆ ದಾಟಿಸಿರಬೇಕು. ನಿಮ್ಮ ತಂದೆ ಬದುಕಿರುವಾಗ ಏನನ್ನೂ ದಾಟಿಸಲಿಲ್ಲ, ನಾಮಿನಿ ಹೆಸರು ಬರೆದರು, ಊಟದ ಹೊತ್ತಲ್ಲಿ ಒಂದು ಮಾತು ಆಡಿದರು. ಅದನ್ನು ಟ್ರಸ್ಟ್ ಅಂತ ಕೋರ್ಟಲ್ಲಿ ನಿಲ್ಲಿಸೋದು ಕಷ್ಟ. ಬೇಕಾಗೂ ಇಲ್ಲ! ನೀವು ಹಿಂದೂಗಳಾಗಿದ್ದರೆ, ವಿಲ್ ಇಲ್ಲದ ಸ್ವಂತ ಸಂಪಾದನೆ 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೂ ಮಕ್ಕಳಿಗೂ, ತಾಯಿ ಬದುಕಿದ್ದರೆ ಅವರಿಗೂ ಸಮ ಪಾಲು. ಅಜ್ಜಿ ಇಲ್ಲ ತಾನೆ? ಹಾಗಾದರೆ ಅಮ್ಮ, ಅಣ್ಣ, ನೀವು, ತಂಗಿ, ತಲಾ ಕಾಲು ಪಾಲು. ಆಮೇಲೆ ಬಂದ ಬೋನಸ್ ಶೇರು (ಕಂಪನಿ ಪುಕ್ಕಟೆ ಕೊಡುವ ಶೇರು), ಡಿವಿಡೆಂಡ್ ಲೆಕ್ಕವನ್ನೂ ಕೇಳಿ.

ಮೊದಲು ಅಪ್ಪ ತೀರಿಕೊಂಡ ದಿನ ಖಾತೆಯಲ್ಲಿ ಏನೇನಿತ್ತು ಅನ್ನೋ ಸ್ಟೇಟ್‌ಮೆಂಟ್ ಹಿಡಿಯಿರಿ. ವಂಶವೃಕ್ಷ ಮಾಡಿಸಿಕೊಳ್ಳಿ. ಅಣ್ಣ ಮಾರುವ ಸುಳಿವು ಸಿಕ್ಕರೆ ಮಾತ್ರ ತಡ ಮಾಡಬೇಡಿ, ವಕೀಲರ ಮೂಲಕ ಪಾಲಿನ ದಾವೆ ಹಾಕಿ, ತಡೆಯಾಜ್ಞೆ ಕೇಳಿ. ಮಾರಿದ ಮೇಲೆ ದುಡ್ಡಿನ ಬೆನ್ನು ಹತ್ತಬೇಕಾಗುತ್ತದೆ.

ಅಂದಹಾಗೆ ಎಲ್‌ಐಸಿ ಪಾಲಿಸಿ ಇದ್ದರೆ ಇದೇ ನಿಯಮ ಅಂದುಕೊಳ್ಳಬೇಡಿ. 2015ರ ತಿದ್ದುಪಡಿ ಆದ ಮೇಲೆ ಹೆಂಡತಿ, ಮಕ್ಕಳು, ಅಪ್ಪ ಅಮ್ಮನನ್ನು ನಾಮಿನಿ ಮಾಡಿದ್ದರೆ ಆ ದುಡ್ಡು ಅವರದ್ದೇ ಅನ್ನೋ ನಿಯಮ ಅಲ್ಲಿದೆ. ಶೇರಿಗೆ ಹಾಗಿಲ್ಲ.

ಷೇರುಪೇಟೆ ಶೆಟ್ಟಿ:
ಸರಿ ಸರ್, ನನ್ನದು ಹಳೇ ಮಾಹಿತಿ. ಮೇಡಂ, ಅಪ್ಪನ ಜೊತೆ ಅಣ್ಣ ಜಂಟಿ ಖಾತೆದಾರ ಆಗಿದ್ದನಾ, ಬರೀ ನಾಮಿನಿಯಾ, ಅದನ್ನೊಮ್ಮೆ ನೋಡಿಕೊಳ್ಳಿ.

ದಾವಣಗೆರೆ ಮಗಳು:
ಬರೀ ನಾಮಿನಿ. ಅಜ್ಜಿ ಹೋಗಿ ಎಂಟು ವರ್ಷ ಆಯಿತು. ಇವತ್ತು ಅಮ್ಮನಿಗೆ ಫೋನ್ ಮಾಡಿ "ನಿನಗೂ ಕಾಲು ಪಾಲಿದೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಕೆಂಪು ಡೈರಿ ನನ್ನ ಹತ್ತಿರ ಇದೆ, ಯಾವ ಕಂಪನಿದು ಎಷ್ಟು ಅಂತ ಎಲ್ಲ ಬರೆದಿದ್ದಾರೆ, ಬಂದು ತಗೊಂಡು ಹೋಗು" ಅಂದರು. ಭಾನುವಾರ ಹೋಗ್ತಿದ್ದೀನಿ.