ಅರ್ಜೆಂಟೀನಾದವರ ಜೊತೆ ಮ್ಯಾಚ್ ನೋಡಬೇಕು, ಏನಂತ ಕೂಗಬೇಕು?

ತೋಟದಮನೆ_ಮಡಿಕೇರಿ:
ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಮುಂದಿನ ವಾರ ಅರ್ಜೆಂಟೀನಾದಿಂದ ಗಂಡ ಹೆಂಡತಿ ಬರುತ್ತಿದ್ದಾರೆ. ಅವರು ಇರುವಾಗಲೇ ಅವರ ದೇಶದ ಫುಟ್‌ಬಾಲ್ ಮ್ಯಾಚ್ ಇದೆಯಂತೆ, ರಾತ್ರಿ ಹಾಲ್‌ನಲ್ಲಿ ಎಲ್ಲರೂ ಕೂತು ನೋಡೋಣವಾ ಅಂತ ಮೆಸೇಜ್ ಮಾಡಿ ಕೇಳಿದ್ದಾರೆ. ನಮ್ಮ ಮನೆಯ ಹುಡುಗರಿಗೆ ಈಗಲೇ ಸಂಭ್ರಮ, ಎಲ್ಲರೂ ಮೆಸ್ಸಿ ಅಭಿಮಾನಿಗಳು. ಸ್ಪ್ಯಾನಿಷ್ ಆ್ಯಪ್ ಹಾಕಿಕೊಂಡೆ, ಅದರಲ್ಲಿ ಸೇಬು ತಿನ್ನುವ ಹುಡುಗ, ಹಾಲು ಕುಡಿಯುವ ಹುಡುಗಿ, ಇಷ್ಟೇ ಬರುತ್ತದೆ. ಗೋಲ್ ಆದಾಗ, ಸ್ವಲ್ಪದರಲ್ಲಿ ತಪ್ಪಿದಾಗ, ರೆಫ್ರಿ ಮೇಲೆ ಸಿಟ್ಟು ಬಂದಾಗ ಅವರು ನಿಜವಾಗಿ ಏನು ಹೇಳುತ್ತಾರೆ? ಗೊತ್ತಿರುವವರು ದಯವಿಟ್ಟು ಹೇಳಿ.

ಸುಂಟಿಕೊಪ್ಪ_ಫಾರ್ವರ್ಡ್:
ಒಳ್ಳೇ ಪ್ರಶ್ನೆ ಅಣ್ಣ. ಮೊದಲನೇ ಮಾತು, ಉದ್ದ ವಾಕ್ಯ ಕಲಿಯಲು ಹೋಗಬೇಡಿ. ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಟೂರ್ನಿಯಲ್ಲಿ ನಮ್ಮವರು ಕೂಗುವುದನ್ನು ಕೇಳಿದ್ದೀರಲ್ವಾ, 1997ರಲ್ಲಿ ಕರಡದಲ್ಲಿ ಶುರುವಾದಾಗಿಂದಲೂ ಯಾರೂ ಅಲ್ಲಿ ಪೂರ್ತಿ ವಾಕ್ಯ ಕೂಗಿಲ್ಲ. ಸ್ಪ್ಯಾನಿಷ್‌ನವರೂ ಹಾಗೇ, ಒಂದು ಪದ, ಜಾಸ್ತಿ ಅಂದರೆ ಎರಡು.

ಆಟ ಶುರುವಾಗುವಾಗ 'ಬಾಮೊಸ್!', ಅಂದರೆ ನಡೀರಿ, ಬನ್ನಿ ಅನ್ನುವ ಹುರುಪು. ಬಾಲ್ ಹಿಡಿದು ಓಡುವವನಿಗೆ 'ದಾಲೆ, ದಾಲೆ!'. ಗೋಲ್ ಆದರೆ 'ಗೋಲ್' ಅಂತಲೇ, ಉಸಿರು ಇರುವವರೆಗೂ ಎಳೆಯಿರಿ. ಗೋಲ್ ಚೆನ್ನಾಗಿದ್ದರೆ 'ಕೆ ಗೊಲಾಸೊ!'. ಈ 'ಆಸೊ' ಸೇರಿದರೆ ಸಾಮಾನ್ಯದ್ದಲ್ಲ, ಭರ್ಜರಿ ಅಂತ ಅರ್ಥ. ಇಡೀ ಮ್ಯಾಚ್ ಭರ್ಜರಿಯಾಗಿದ್ದರೆ 'ಪರ್ತಿದಾಸೊ'. ಸ್ವಲ್ಪದರಲ್ಲಿ ತಪ್ಪಿದರೆ 'ಊಯ್!', ಕಂಬಕ್ಕೆ ಬಡಿದರೆ 'ಪಾಲೊ!', ಕೈಗೆ ತಾಗಿದರೆ 'ಮಾನೊ!'. ಪೆನಾಲ್ಟಿ ಬೇಕಿದ್ದರೆ 'ಫ್ವೆ ಪೆನಾಲ್!' ಅನ್ನಿ. ಎದುರು ಟೀಮಿನವನು ಸುಮ್ನೆ ಬಿದ್ದು ಹೊರಳಾಡಿದರೆ 'ನೊ ಫ್ವೆ ನಾದಾ', ಏನೂ ಆಗಿಲ್ಲ ಅಂತ.

ಇನ್ನೊಂದು. ಚಹಾ ತರಲು ಒಳಗೆ ಹೋಗಿ ಬಂದವರು 'ಕೋಮೊ ಬಾ ಎಲ್ ಪರ್ತೀದೊ?' ಅಂದರೆ ಸ್ಕೋರ್ ಎಷ್ಟಾಯ್ತು ಅಂತ ಕೇಳಿದ ಹಾಗೆ. ಉತ್ತರ 'ದೋಸ್ ಆ ಉನೊ', ಎರಡು ಒಂದು. ಫ್ರಾನ್ಸ್ ವಿರುದ್ಧದ 2022ರ ವಿಶ್ವಕಪ್ ಫೈನಲ್ ಎಕ್ಸ್ಟ್ರಾ ಟೈಮ್ ಮುಗಿದಾಗ 'ತ್ರೆಸ್ ಆ ತ್ರೆಸ್', ಮೂರು ಮೂರು, ಆಮೇಲೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-2ರಿಂದ ಗೆದ್ದಿತು. ಆ ಸ್ಕೋರ್ ನೀವು ಬಾಯಿಬಿಟ್ಟರೆ ಸಾಕು, ಮುಂದಿನ ಅರ್ಧ ಗಂಟೆ ಅವರೇ ಮಾತಾಡುತ್ತಾರೆ.

ವಿರಾಜಪೇಟೆ_ಅಕ್ಕ:
ಮೇಲಿನದ್ದೆಲ್ಲ ಸರಿ. ನಾನು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿತವಳು, ಉಚ್ಚಾರದ ಬಗ್ಗೆ ಹೇಳಲೇಬೇಕು. ಕನ್ನಡದವರಿಗೆ ಇದು ಸುಲಭ, ಆದರೆ ನಾವು ಇಂಗ್ಲಿಷ್ ದಾರಿಯಲ್ಲಿ ಹೋಗಿ ಕಷ್ಟ ಮಾಡಿಕೊಳ್ಳುತ್ತೇವೆ. ಸ್ಪ್ಯಾನಿಷ್‌ನಲ್ಲಿ ಟ, ಡ ಇಲ್ಲ. ನಮ್ಮ ತ, ದ ಇದೆ. 'ಪಾರ್ಟಿಡೊ' ಅಲ್ಲ, 'ಪರ್ತೀದೊ'. ಬರೆಯುವಾಗ ವಿ ಅಕ್ಷರ ಇದ್ದರೂ ಬಾಯಲ್ಲಿ ಬ ಬರುತ್ತದೆ, ಅದಕ್ಕೇ 'ಬಾಮೊಸ್'.

ಎರಡನೆಯದು, ಅವರು ಅರ್ಜೆಂಟೀನಾದವರು, ಸ್ಪೇನ್‌ನವರಲ್ಲ. ಆ್ಯಪ್‌ನಲ್ಲಿ, ಯೂಟ್ಯೂಬ್‌ನಲ್ಲಿ ಎರಡೂ ಕಲೆಸಿರುತ್ತವೆ, ಹುಷಾರು. ಗೋಲ್‌ಕೀಪರ್ ಸ್ಪೇನ್‌ನಲ್ಲಿ 'ಪೊರ್ತೇರೊ', ಅರ್ಜೆಂಟೀನಾದಲ್ಲಿ 'ಆರ್ಕೇರೊ'. ಪೆನಾಲ್ಟಿ ಸ್ಪೇನ್‌ನಲ್ಲಿ 'ಪೆನಾಲ್ತಿ', ಅರ್ಜೆಂಟೀನಾದಲ್ಲಿ 'ಪೆನಾಲ್'. ಆಫ್‌ಸೈಡ್‌ಗೆ ಸ್ಪೇನ್‌ನವರು 'ಫ್ವೇರಾ ದೆ ಹ್ವೇಗೊ' ಅಂದರೆ ಅರ್ಜೆಂಟೀನಾದ ಜನ ಇಂಗ್ಲಿಷ್ ಪದವನ್ನೇ ತಿರುಚಿ 'ಒರ್ಸಾಯ್' ಅನ್ನುತ್ತಾರೆ. ಕೀಪರ್ ಒಳ್ಳೇ ಸೇವ್ ಮಾಡಿದರೆ 'ಕೆ ಅತಹಾದಾ!'. 2022ರ ಫೈನಲ್‌ನ ಕೊನೇ ಕ್ಷಣದಲ್ಲಿ ಫ್ರಾನ್ಸ್‌ನ ಕೋಲೊ ಮುವಾನಿ ಹೊಡೆದದ್ದನ್ನು ಅರ್ಜೆಂಟೀನಾದ ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಎಡಗಾಲು ಚಾಚಿ ತಡೆದರಲ್ಲ, ಅಂಥದ್ದಕ್ಕೆ ಇದೇ ಪದ. ಸ್ಪೇನ್‌ನಲ್ಲಾದರೆ 'ಕೆ ಪರಾದಾ!'. ತಪ್ಪು ಹೇಳಿದರೂ ಅರ್ಥವಾಗುತ್ತದೆ, ಆದರೆ ತಮ್ಮ ಊರಿನ ಮಾತು ಕೊಡಗಿನ ಮನೆಯಲ್ಲಿ ಕೇಳಿದರೆ ಅವರಿಗೆ ಎಷ್ಟು ಖುಷಿಯಾಗಬಹುದು ಯೋಚಿಸಿ.

ಸಿದ್ದಾಪುರ_ಸೆವೆನ್ಸ್:
ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸ್ಟೇಡಿಯಂ ವಿಡಿಯೋ ನೋಡಿ ಅಲ್ಲಿ ಕೇಳಿದ್ದನ್ನೆಲ್ಲ ಕಲಿಯಬೇಡಿ, ಅದರಲ್ಲಿ ಅಮ್ಮನ ಮೇಲಿನ ಬೈಗುಳವೇ ಜಾಸ್ತಿ. ಸ್ನೇಹಿತರ ನಡುವೆ ಅವರು ಸಲೀಸಾಗಿ ಅಂದುಕೊಳ್ಳುತ್ತಾರೆ, ಆದರೆ ಮನೆಯಲ್ಲಿ ಹಿರಿಯರು, ಮಕ್ಕಳು ಕೂತಿರುವಾಗ, ಅದೂ ಅತಿಥಿಗಳ ಮುಂದೆ, ನಮ್ಮ ಬಾಯಿಂದ ಅದು ಬರಬಾರದು. ರೆಫ್ರಿ ಮೇಲೆ ಸಿಟ್ಟು ಬಂದರೆ 'ಆರ್ಬಿತ್ರೊ!' ಅಂತ ಕೈ ಎತ್ತಿ ಕೂಗಿ. ರೆಫ್ರಿಗೇ ಆರ್ಬಿತ್ರೊ ಅನ್ನುವುದು. ಧ್ವನಿಯಲ್ಲೇ ಎಲ್ಲ ತಿಳಿಯುತ್ತದೆ.

ತೋಟದಮನೆ_ಮಡಿಕೇರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ತ ಮತ್ತು ದ ವಿಷಯ ಯಾವ ಆ್ಯಪ್‌ನಲ್ಲೂ ಸಿಕ್ಕಿರಲಿಲ್ಲ. ಹುಡುಗರಿಗೆ ಹೇಳಿಕೊಟ್ಟೆ, ಈಗ ಅಂಗಳದಲ್ಲಿ ದಾಲೆ ದಾಲೆ ಅಂತ ಒಂದೇ ಗಲಾಟೆ. ಒಂದು ಕೇಳಬೇಕು, ಅವರ ಟೀಮ್ ಸೋತರೆ? ಆಗ ಏನು ಹೇಳುವುದು?

ವಿರಾಜಪೇಟೆ_ಅಕ್ಕ:
ಫೈನಲ್ ವಿಸಿಲ್ ಆದ ತಕ್ಷಣ ಏನೂ ಹೇಳಬೇಡಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ 'ಕೆ ಲಾಸ್ತಿಮಾ', ಛೇ ಹೀಗಾಯ್ತಲ್ಲ ಅಂತ. ಜೊತೆಗೆ 'ಹುಗಾರೊನ್ ಬ್ಯೆನ್', ಚೆನ್ನಾಗಿ ಆಡಿದರು. ನಿಜವಾಗಿ ಚೆನ್ನಾಗಿ ಆಡಿದ್ದರೆ ಮಾತ್ರ ಅನ್ನಿ. ಫುಟ್‌ಬಾಲ್ ವಿಷಯದಲ್ಲಿ ಅರ್ಜೆಂಟೀನಾದವರಿಗೆ ಬರೀ ಬಾಯುಪಚಾರ ಹಿಡಿಸುವುದಿಲ್ಲ.