ಎರಡು ಎಕರೆ ಮಸಾರಿಯಲ್ಲಿ ಗೆಣಸು ಹಾಕಿದರೆ ಏನಾದರೂ ಉಳಿಯುತ್ತದಾ?

ಬಾದಾಮಿ ಮಸಾರಿ:

ನಮಸ್ಕಾರ್ರೀ ಎಲ್ಲರಿಗೂ. ನಮ್ಮದು ಬಾದಾಮಿ ತಾಲೂಕು. ಎರಡೂವರೆ ಎಕರೆ ಹೊಲ, ಎಲ್ಲಾ ಮಸಾರಿ, ಅಂದರೆ ಕೆಂಪು ಮಣ್ಣು. ಬೋರ್ ಇದೆ, ನೀರು ಸಣ್ಣಗೆ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಇಲ್ಲಿಯವರೆಗೆ ಉಳ್ಳಾಗಡ್ಡಿ ಇಲ್ಲಾ ಗೋವಿನಜೋಳ ಹಾಕುತ್ತಾ ಬಂದಿದ್ದೇವೆ. ಉಳ್ಳಾಗಡ್ಡಿಯ ದರ ಗೊತ್ತೇ ಇದೆಯಲ್ಲ, ಒಂದು ವರ್ಷ ನಗಿಸುತ್ತದೆ, ಮುಂದಿನ ವರ್ಷ ರಸ್ತೆಗೆ ಸುರಿಸುತ್ತದೆ.

ಬೆಳಗಾವಿಯಲ್ಲಿರುವ ನಮ್ಮ ಅತ್ತೆಯ ಮಗ ಈ ಸಲ ಗೆಣಸು ಹಾಕು ಅಂತ ಬೆನ್ನು ಬಿದ್ದಿದ್ದಾನೆ. ಎಕರೆಗೆ ಲಕ್ಷ ಅನ್ನುತ್ತಾನೆ. ಯೂಟ್ಯೂಬ್‌ನಲ್ಲಿ ಒಬ್ಬರು "ಖರ್ಚೇ ಇಲ್ಲದ ಬೆಳೆ" ಅಂತ ಹೇಳುತ್ತಿದ್ದರು. ಅಷ್ಟು ಸುಲಭ ಇದ್ದರೆ ಎಲ್ಲರೂ ಹಾಕುತ್ತಿದ್ದರು, ಅಲ್ವಾ? ದುಡಿಯುವವರು ನಾನು, ಹೆಂಡತಿ, ಅವ್ವ. ಒಂದು ಜೋಡಿ ಎತ್ತು ಇವೆ. ಈಗ ಮೇ ಶುರುವಾಗಿದೆ. ನಿಜವಾಗಿ ಬೆಳೆದವರು ಖರ್ಚು ಎಷ್ಟು, ಉಳಿಯುವುದು ಎಷ್ಟು ಅಂತ ಪೂರ್ತಿ ಲೆಕ್ಕ ಹೇಳಿ.

ಟ್ರಾಲಿ ಮಾಲೀಕ:

ಲಕ್ಷ ಅನ್ನುವುದು ಪೇಟೆಯ ಮಾರಾಟದ ಪಟ್ಟಿಯ ಮೇಲಿನ ಲಕ್ಷ. ಕೈಗೆ ಬರುವ ಲಕ್ಷ ಅಲ್ಲ. ಅದೂ ದರ ಇದ್ದ ವರ್ಷ ಮಾತ್ರ. ಗೆಣಸಿಗೆ ಬೆಂಬಲ ಬೆಲೆ ಅಂತ ಏನೂ ಇಲ್ಲ, ನೆನಪಿರಲಿ.

ಬೆಳಗುಂದಿ ಅಕ್ಕ:

ಖರ್ಚೇ ಇಲ್ಲದ ಬೆಳೆ ಅಂದವರು ಗೆಣಸು ನೆಟ್ಟಿರಬಹುದು, ಕಿತ್ತಿಲ್ಲ. ನೆಟ್ಟು ಒಂದೂವರೆ ತಿಂಗಳು ಕಸ ತೆಗೆದರೆ ಬಳ್ಳಿ ನೆಲ ಮುಚ್ಚುತ್ತದೆ. ಆಮೇಲೆ ಹೊಲದಲ್ಲಿ ಅಂಥಾ ಕೆಲಸವೇ ಇರುವುದಿಲ್ಲ. ಉಳ್ಳಾಗಡ್ಡಿಗೆ ಹೊಡೆದಂತೆ ಮೇಲಿಂದ ಮೇಲೆ ಔಷಧಿ ಹೊಡೆಯುವ ಗಲಾಟೆಯೂ ಇಲ್ಲ. ದೂರದಿಂದ ನೋಡಿದವರಿಗೆ ಸುಮ್ನೆ ಬೆಳೆಯಿತು ಅನಿಸುತ್ತದೆ. ಇದರ ದೊಡ್ಡ ಖರ್ಚು ಒಂದೇ ಸಲಕ್ಕೆ ಬರುವುದು ಕೀಳುವ ವಾರದಲ್ಲಿ.

ನಮ್ಮ ಮನೆಯಲ್ಲಿ ಲೆಕ್ಕದ ವಹಿ ನಾನೇ ಬರೆಯುತ್ತೇನೆ, ಕೂಲಿಗೆ ಹೆಣ್ಣಾಳು ಕರೆಯುವವಳೂ ನಾನೇ. ನಮ್ಮ ಕಡೆ ಹೋದ ಹಂಗಾಮಿನಲ್ಲಿದ್ದ ದರದಲ್ಲಿ ಒಂದು ಎಕರೆಗೆ ಹೇಳುತ್ತೇನೆ. ನಿಮ್ಮ ಕಡೆ ಕೂಲಿ ಬೇರೆ ಇದ್ದರೆ ತಿದ್ದಿಕೊಳ್ಳಿ.

ಟ್ರ್ಯಾಕ್ಟರ್ ರಂಟೆ ಹೊಡೆದು, ರೋಟರ್ ಹೊಡೆದು, ಬೋದು (ನೆಡುವ ಸಾಲಿನ ಮಣ್ಣಿನ ದಿಂಡು) ಏರಿಸುವುದಕ್ಕೆ 6,000. ತಿಪ್ಪೆಗೊಬ್ಬರ ಮೂರು ಟ್ರಾಲಿ, ಮನೆಯದೇ ಆದರೂ ನಾನು 9,000 ಅಂತ ಬರೆಯುತ್ತೇನೆ. ಗೆಣಸು ನೆಡುವುದು ಬಳ್ಳಿಯ ತುಂಡಿನಿಂದ, ಆ ಬಳ್ಳಿ ನಮ್ಮದೇ ಮಡಿಯದು, ಅದಕ್ಕೆ 2,500. ನೆಡಲು 12 ಹೆಣ್ಣಾಳು, 350ರಂತೆ 4,200. ಸರಕಾರಿ (ರಾಸಾಯನಿಕ) ಗೊಬ್ಬರ 4,000. ಎತ್ತಿನಿಂದ ಎರಡು ಸಲ ಎಡೆ ಹೊಡೆದು ಮಣ್ಣು ಏರಿಸಲು 2,000. ಕಸ ಎರಡು ಸಲ, ಒಟ್ಟು 20 ಆಳು, 7,000. ಇಲ್ಲಿಗೆ 34,700 ಆಯಿತು. ಇನ್ನೂ ಒಂದು ಗೆಡ್ಡೆ ಮೇಲೆ ಬಂದಿಲ್ಲ.

ಇನ್ನು ಕೀಳುವುದು. ಮೊದಲು ಕುಡಗೋಲಿನಿಂದ ಬಳ್ಳಿ ಕೊಯ್ದು ಬದುವಿಗೆ ಎಳೆಯಬೇಕು. ಆಮೇಲೆ ಬೋದಿನ ಪಕ್ಕದಲ್ಲಿ ನೇಗಿಲು ಹಾಯಿಸಬೇಕು. ನೇಗಿಲು ನಾಲ್ಕು ಬೆರಳು ಒಳಗೆ ಸರಿದರೆ ಗೆಡ್ಡೆ ಎರಡು ತುಂಡು, ತುಂಡಿಗೆ ಅರ್ಧ ದರವೂ ಇಲ್ಲ. ಅದಕ್ಕೇ ನಮ್ಮಲ್ಲಿ ಈ ಕೆಲಸಕ್ಕೆ ಹೊಸ ಹುಡುಗರನ್ನು ಬಿಡುವುದಿಲ್ಲ. ಹಿಂದೆ ಹೆಣ್ಣುಮಕ್ಕಳು ಕೂತು ಬುಡದಿಂದ ಒಂದೊಂದೇ ಗೆಡ್ಡೆ ಮುರಿಯುತ್ತಾರೆ. ಹಾಲು ಸೋರಿ ಕೈ ಕಪ್ಪಾಗುತ್ತದೆ, ಸಾಬೂನಿಗೂ ಹೋಗುವುದಿಲ್ಲ. ಮಣ್ಣು ಉಜ್ಜಿ, ದಪ್ಪ, ನಡು, ಸಣ್ಣ, ತುಂಡು ಅಂತ ನಾಲ್ಕು ರಾಶಿ ಮಾಡಬೇಕು. ದರ ಸಿಗುವುದು ನಡುವಿನ ರಾಶಿಗೆ. ಇಡೀ ಗೆಡ್ಡೆ ಬೇಯಿಸಿ ತಿನ್ನುವವರಿಗೆ ಅದೇ ಬೇಕು. ನಿಮ್ಮ ತೊಡೆಯಷ್ಟು ದಪ್ಪ ಗೆಣಸು ಬೆಳೆದು ಫೋಟೋ ತೆಗೆಸಿಕೊಂಡರೆ ವ್ಯಾಪಾರಿ ಒಂದು ಪೈಸೆಯೂ ಜಾಸ್ತಿ ಕೊಡುವುದಿಲ್ಲ.

ಎತ್ತು ಮತ್ತು ನೇಗಿಲಿಗೆ 3,600. ಆರಿಸಲು 24 ಹೆಣ್ಣಾಳು, 8,400. ಚೀಲ ತುಂಬಿ ಹೊರಲು ಗಂಡಾಳು ನಾಲ್ಕು, 2,400. 50 ಕ್ವಿಂಟಲ್ ಬಂತು ಅಂತ ಹಿಡಿಯಿರಿ, ಮಳೆ ಆಶ್ರಯದಲ್ಲಿ ನಮಗೆ ಸಾಧಾರಣ ಅಷ್ಟೇ ಬರುತ್ತದೆ. 50 ಕಿಲೋದ ಹಳೇ ಚೀಲ 100, ಅದಕ್ಕೆ 2,000. ಗಾಡಿ ಬಾಡಿಗೆ 4,000, ಹಮಾಲಿ ಮತ್ತು ತೂಕಕ್ಕೆ 1,000. ಇದು 21,400. ಎಲ್ಲಾ ಸೇರಿ 56,100.

ಅಂದರೆ ನಾಲ್ಕು ರಾಶಿಯೂ ಸೇರಿ ಸರಾಸರಿ ಕ್ವಿಂಟಲ್‌ಗೆ 1,120 ಬಂದರೆ ಹಾಕಿದ ದುಡ್ಡು ವಸೂಲು. 1,500 ಬಂದರೆ 19,000ದ ಹತ್ತಿರ ಉಳಿಯುತ್ತದೆ. 2,000 ಬಂದರೆ ನಿಮ್ಮ ಅತ್ತೆಯ ಮಗ ಹೇಳಿದ ಲಕ್ಷ ಪಟ್ಟಿಯಲ್ಲಿ ಬರುತ್ತದೆ, ಉಳಿಯುವುದು 44,000. ಒಂದು ಸಾವಿರಕ್ಕೆ ಇಳಿದರೆ ಆರು ಸಾವಿರ ಕೈಯಿಂದ ಹೋಯಿತು.

ಮನೆಯವರೇ ದುಡಿದರೆ ಕೂಲಿ ಉಳಿಯುತ್ತದಲ್ಲ ಅನ್ನುತ್ತೀರಿ. ನೆಡುವುದು, ಕಸ, ಆರಿಸುವುದು ಸೇರಿ 19,600 ಹೆಣ್ಣಾಳಿನ ಕೂಲಿ ಇದೆ. ನಿಮ್ಮ ಹೆಂಡತಿ, ಅವ್ವ ಮಾಡಿದರೆ ಆ ದುಡ್ಡು ಅವರ ಪಗಾರ, ಗೆಣಸಿನ ಲಾಭ ಅಲ್ಲ. ನಮ್ಮೂರಿನಲ್ಲಿ ಎಷ್ಟೋ ಗಂಡಸರು ಕಟ್ಟೆ ಮೇಲೆ ಕೂತು "ನಮಗೆ ಇಷ್ಟು ಉಳಿಯಿತು" ಅನ್ನುತ್ತಾರೆ. ಅದರಲ್ಲಿ ಅರ್ಧ ಮನೆಯ ಹೆಣ್ಣುಮಕ್ಕಳ ಬೆನ್ನುನೋವು.

ಇನ್ನೊಂದು ಅಂಕಿ ಬರೆದಿಟ್ಟುಕೊಳ್ಳಿ. ಕೀಳುವುದರಿಂದ ಪೇಟೆವರೆಗಿನ 21,400ನ್ನು 50 ಕ್ವಿಂಟಲ್‌ಗೆ ಹಂಚಿದರೆ ಕ್ವಿಂಟಲ್‌ಗೆ ಸುಮಾರು 430. ದರ ಬಿದ್ದಾಗ ಜನ ಸಿಟ್ಟಿನಿಂದ "ಕೀಳುವುದೇ ಇಲ್ಲ, ಕೊಳೆಯಲಿ" ಅನ್ನುತ್ತಾರೆ. ಮೊದಲಿನ 34,700 ಹೋಗಿದ್ದು ಹೋಯಿತು, ಕಿತ್ತರೂ ಬಿಟ್ಟರೂ ವಾಪಸ್ ಬರುವುದಿಲ್ಲ. 430ರ ಮೇಲೆ ಎಷ್ಟು ಸಿಕ್ಕರೂ ಕೀಳುವುದೇ ಸರಿ. 400ಕ್ಕೆ ಬಂತು ಅಂದರೆ ದನ ಬಿಡಿ, ಬಳ್ಳಿ ಒಳ್ಳೇ ಮೇವು. ಆದರೆ ಹುಳ ಬಿದ್ದ, ಬೂಸು ಹಿಡಿದ ಗೆಡ್ಡೆ ಎತ್ತಿಗೆ ಹಾಕಬೇಡಿ. ಅದರಲ್ಲಿ ವಿಷ ಆಗುತ್ತದೆ, ದನ ಉಸಿರು ಸಿಗದೆ ಸಾಯುತ್ತವೆ.

ಬಾದಾಮಿ ಮಸಾರಿ:

ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹೆಂಡತಿಗೂ ಓದಿ ಹೇಳಿದೆ, ಪಗಾರದ ಮಾತು ಬಂದ ಕಡೆ ಜೋರಾಗಿ ನಕ್ಕಳು. 1,500 ಮೇಲೆ ದರ ಸಿಗುವುದು ಯಾವಾಗ? ಬೆಳಗಾವಿ ಪೇಟೆಗೇ ತರಬೇಕಾ?

ಬೆಳಗುಂದಿ ಅಕ್ಕ:

ತಮ್ಮಾ, ಬೆಳಗಾವಿ ಎಪಿಎಂಸಿಗೆ ಬರುವ ಗೆಣಸನ್ನು ಇಲ್ಲಿಯವರೇ ತಿಂದು ಮುಗಿಸುವುದಿಲ್ಲ. ಗೋವಾ, ಮುಂಬಯಿ, ದೆಹಲಿ ಕಡೆ ಲಾರಿ ಹೋಗುತ್ತವೆ. ಆ ಕಡೆಯವರು ನವರಾತ್ರಿ ಉಪವಾಸಕ್ಕೆ ಇದನ್ನು ತಿನ್ನುತ್ತಾರೆ. ಹಾಗಾಗಿ ನಮ್ಮ ಗೆಣಸಿನ ದರ ಪಂಚಾಂಗ ನೋಡಿ ಏರುತ್ತದೆ.

2025ರಲ್ಲಿ ನವರಾತ್ರಿ ಶುರುವಾಗುವ ಘಟಸ್ಥಾಪನೆ ಸೆಪ್ಟೆಂಬರ್ 22ಕ್ಕೇ ಬಂತು. ಜೂನ್ ನಡುವಿನಲ್ಲಿ ನೆಟ್ಟವರಿಗೆ ಅಷ್ಟರಲ್ಲಿ ನೂರು ದಿನವೂ ತುಂಬಿರಲಿಲ್ಲ, ಗೆಡ್ಡೆ ಬೆರಳಿನಷ್ಟೇ ಇತ್ತು. ಈ ವರ್ಷ (2026) ಅಧಿಕ ಜ್ಯೇಷ್ಠ ಮಾಸ ಇದೆ, ಘಟಸ್ಥಾಪನೆ ಅಕ್ಟೋಬರ್ 11ಕ್ಕೆ ಹೋಗಿದೆ. ಲಾರಿ ದೆಹಲಿ ಮುಟ್ಟಿ ಮಾಲು ಹಂಚಿಕೆಯಾಗಲು ಒಂದು ವಾರ ಮೊದಲೇ ಇಲ್ಲಿಂದ ಹೊರಡಬೇಕು. ಅಲ್ಲಿಂದ ಬೆಳೆ ಬರಲು ಬೇಕಾದ 110 ದಿನ ಹಿಂದೆ ಎಣಿಸಿದರೆ ನೆಡುವ ದಿನ ಜೂನ್ 16. ನಮ್ಮ ಕಡೆ ಮಳೆ ಸಮಯಕ್ಕೆ ಹಿಡಿದರೆ ಈ ಸಲ ಎಲ್ಲರಿಗೂ ಸರಿಹೋಗುತ್ತದೆ. ಎಲ್ಲರಿಗೂ ಸರಿಹೋದರೆ ಪೇಟೆಯಲ್ಲಿ ಏನಾಗುತ್ತದೆ ಅಂತ ಉಳ್ಳಾಗಡ್ಡಿ ಬೆಳೆದ ನಿಮಗೆ ನಾನು ಹೇಳಬೇಕಾ?

ನೀವು ಇಲ್ಲಿಗೆ ತಂದರೆ ಬಾಡಿಗೆ ಚೀಲಕ್ಕೆ 40 ಅಲ್ಲ, ಅದರ ಎರಡು ಪಟ್ಟು ಬೀಳಬಹುದು. ಪರಿಚಯ ಇಲ್ಲದ ಅಂಗಡಿಯಲ್ಲಿ ಮಣ್ಣಿನ ಹೆಸರಿನಲ್ಲಿ ತೂಕ ಕಡಿಯುತ್ತಾರೆ. ಹಸಿ ನೆಲದಲ್ಲಿ ಕಿತ್ತ ಮಾಲಿಗೆ ನಮಗೂ ಒಬ್ಬರು ಚೀಲಕ್ಕೆ ಎರಡು ಕಿಲೋ ಹಿಡಿದಿದ್ದರು. ಪಟ್ಟಿಯಲ್ಲಿ ಕಮಿಷನ್ ಅಂತ ಬರೆದಿದ್ದರೆ ಕೇಳಿ. ಅದನ್ನು ಖರೀದಿದಾರ ಕೊಡಬೇಕು, ರೈತನಿಂದ ಹಿಡಿಯುವಂತಿಲ್ಲ.

ಇಂಡಿ ಯರಿ:

ಇದನ್ನು ಓದಿ ಯರಿ (ಕಪ್ಪು ಮಣ್ಣಿನ) ಹೊಲದವರು ಯಾರಾದರೂ ಆಸೆಪಟ್ಟರೆ ಅವರಿಗಾಗಿ ಬರೆಯುತ್ತಿದ್ದೇನೆ. ಯರಿಯಲ್ಲಿ ಗೆಣಸು ಬೆಳೆಯುತ್ತದೆ, ಬಳ್ಳಿಯಂತೂ ಕಾಡಿನ ಹಾಗೆ. ಗೆಡ್ಡೆ ಮಾತ್ರ ಸೊಟ್ಟ. ತೇವ ಆರಿದ ಕೂಡಲೇ ನೆಲ ಬಿರಿಯುತ್ತದೆ, ಆ ಬಿರುಕಿನಲ್ಲೇ ಮೂತಿ ಹುಳ ಇಳಿದು ಗೆಡ್ಡೆಗೆ ಮೊಟ್ಟೆ ಇಡುತ್ತದೆ. ಹುಳ ಹೊಕ್ಕ ಗೆಣಸು ಬೇಯಿಸಿದರೂ ಕಹಿ, ಯಾರೂ ಮುಟ್ಟುವುದಿಲ್ಲ. ಒಣ ಯರಿಯಲ್ಲಿ ಕೀಳುವುದೂ ಕಲ್ಲು ಕಿತ್ತಂತೆ. ಮಸಾರಿ ಇದ್ದವರು ಹಾಕಲಿ. ಹಾಕಿದರೆ ಬೋದಿಗೆ ಮಣ್ಣು ಏರಿಸುವುದನ್ನು ತಪ್ಪಿಸಬೇಡಿ, ಹುಳವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ. ಯೂರಿಯಾ ಲೆಕ್ಕವಿಲ್ಲದೆ ಹಾಕಿದರೆ ಎಲೆ ಸಿಗುತ್ತದೆ, ಗೆಡ್ಡೆ ಸಿಗುವುದಿಲ್ಲ. ಪೊಟ್ಯಾಷ್ ಮರೆಯಬೇಡಿ.

ಸಂತಿ ಚೀಲ:

ನಾನು ಗುಳೇದಗುಡ್ಡದವನು. ಬೆಳಗಾವಿಯ ಆಸೆ ಬಿಟ್ಟುಬಿಡಿ ಅಣ್ಣಾ. ನವರಾತ್ರಿ ಅವರ ಹಬ್ಬ, ನಮ್ಮ ಗೆಣಸಿನ ಹಬ್ಬ ಸಂಕ್ರಾಂತಿ. ಅದರ ಬೆನ್ನಿಗೇ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆ 2027ರಲ್ಲಿ ಜನವರಿ 22ಕ್ಕೆ ಇದೆ, ಸಂಕ್ರಾಂತಿ ಆಗಿ ಒಂದೇ ವಾರ. ಬೋರ್ ಇದೆ ಅಂತೀರಿ, ಸೆಪ್ಟೆಂಬರ್ ನಡುವಿನಲ್ಲಿ ನೆಟ್ಟರೆ ಸಂಕ್ರಾಂತಿ ಹೊತ್ತಿಗೆ ಕೈಗೆ ಬರುತ್ತದೆ. ಸಂತೆಯಲ್ಲಿ ನಾನು ಕಿಲೋಗೆ 30ರಿಂದ 40ರವರೆಗೆ ಮಾರಿದ್ದೇನೆ. ಕೆಂಪು ಸಿಪ್ಪೆ ಇರಬೇಕು, ಕೈಯಲ್ಲಿ ಹಿಡಿಯುವಷ್ಟು ಗಾತ್ರ.

ಆದರೆ ಒಂದು ಮಾತು. ಒಬ್ಬ ಮನುಷ್ಯ ಒಂದು ಸಂತೆಯಲ್ಲಿ ಒಂದೆರಡು ಕ್ವಿಂಟಲ್‌ಗಿಂತ ಜಾಸ್ತಿ ಮಾರುವುದು ಕಷ್ಟ. ಎರಡು ಎಕರೆಯ ನೂರು ಕ್ವಿಂಟಲ್ ಹೊತ್ತು ಸಂತೆ ಸಂತೆ ತಿರುಗಿದರೆ ಹೋಳಿ ಹುಣ್ಣಿಮೆ ಬರುತ್ತದೆ. 20 ಗುಂಟೆ ಹಾಕಿ.

ಬೆಳಗುಂದಿ ಅಕ್ಕ:

ಇವರು ಹೇಳಿದ್ದು ನನಗೂ ಸರಿ ಅನಿಸುತ್ತದೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಜೂನ್‌ಗೆ ನೆಡಬೇಕಾದರೆ ಈಗ ನೀವು ಬಳ್ಳಿ ಕೊಳ್ಳಲೇಬೇಕು. ಎರಡು ಅಡಿ ಸಾಲು, ಒಂದು ಗೇಣಿಗೆ ಒಂದು ತುಂಡು ಅಂದರೆ ಎಕರೆಗೆ ಸುಮಾರು 30,000 ತುಂಡು. ನೆಡುವ ಹೊತ್ತಿನಲ್ಲಿ ಎಲ್ಲರಿಗೂ ಬಳ್ಳಿ ಬೇಕು, ದರ ಕೇಳಿದರೆ ತಲೆ ತಿರುಗುತ್ತದೆ. ಸೆಪ್ಟೆಂಬರ್ ಆದರೆ ಬಳ್ಳಿ ನೀವೇ ಮಾಡಿಕೊಳ್ಳಬಹುದು. ಮೂರು ತಿಂಗಳು ಸಾಕು.

ಬಾದಾಮಿ ಮಸಾರಿ:

ಮನೆಯಲ್ಲಿ ಮಾತಾಡಿದೆವು. 20 ಗುಂಟೆ ಗೆಣಸು, ಉಳಿದದ್ದಕ್ಕೆ ಗೋವಿನಜೋಳ ಅಂತ ಆಯಿತು. ಲಕ್ಷದ ಅತ್ತೆಯ ಮಗನಿಗೆ ಇನ್ನೂ ಹೇಳಿಲ್ಲ. ಅಕ್ಕಾ, ಬಳ್ಳಿ ಮಾಡುವುದು ಹೇಗೆ ಅಂತ ಹೇಳಿಬಿಡಿ. ಬೇರೆ ತಳಿ ಏನಾದರೂ ತರಲಾ?

ಬೆಳಗುಂದಿ ಅಕ್ಕ:

20 ಗುಂಟೆಗೆ 20 ಕಿಲೋ ಗೆಡ್ಡೆ ಸಾಕು. ಒಂದು ಹಿಡಿಯಷ್ಟು ಗಾತ್ರದ್ದು, ಹುಳ ಮುಟ್ಟದ್ದು ಆರಿಸಿ. ಜೂನ್ ಮೊದಲ ವಾರ ಅರ್ಧ ಗುಂಟೆ ಮಡಿಯಲ್ಲಿ ಹೂಳಿ. ಒಂದೂವರೆ ತಿಂಗಳಿಗೆ ಬಳ್ಳಿ ಉದ್ದ ಆಗುತ್ತದೆ. ಅದನ್ನು ಗೇಣುದ್ದ ಕತ್ತರಿಸಿ ಇನ್ನೊಂದು ಮಡಿಗೆ ನೆಡಿ, ಎರಡೂವರೆ ಗುಂಟೆ ಆದರೆ ಸಾಕು. ಮತ್ತೆ ಒಂದೂವರೆ ತಿಂಗಳಿಗೆ ಹೊಲಕ್ಕೆ ಆಗುವಷ್ಟು ಬಳ್ಳಿ. ತುದಿಯ ಕಡೆಯ ತುಂಡು ತೆಗೆದುಕೊಳ್ಳಿ. ಬುಡದ ಕಡೆ ಮೂತಿ ಹುಳದ ಮೊಟ್ಟೆ ಇರುತ್ತದೆ, ನೀವೇ ಹುಳ ನೆಟ್ಟಂತೆ ಆಗುತ್ತದೆ. ಕತ್ತರಿಸಿದ್ದನ್ನು ಒಂದು ದಿನ ನೆರಳಿನಲ್ಲಿಟ್ಟು ನೆಟ್ಟರೆ ಬೇಗ ಬೇರು ಬಿಡುತ್ತದೆ.

ತಳಿಯ ಬಗ್ಗೆ ಧಾರವಾಡದ ಕುಂಬಾಪುರದಲ್ಲಿ ಕೇಳಿ. ಅದು ನಿಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ. ತಿರುವನಂತಪುರದ ಗೆಡ್ಡೆ ಬೆಳೆ ಸಂಸ್ಥೆಯವರು ಮಾಡಿದ ಶ್ರೀ ಭದ್ರ ಬೇಗ ಬರುವ ತಳಿ, 90 ದಿನಕ್ಕೆ ಕೀಳಬಹುದು. ಭೂ ಸೋನಾ ಅಂತ ಒಳಗೆ ಕೇಸರಿ ಬಣ್ಣದ್ದೂ ಇದೆ, ಎ ಜೀವಸತ್ವಕ್ಕೆ ಒಳ್ಳೆಯದು. ಮಕ್ಕಳಿಗೆ ಅಂತ ಒಂದು ಸಾಲು ಹಾಕಿಕೊಳ್ಳಿ, ಸಂತೆಗೆ ಮೊದಲ ವರ್ಷವೇ ಬೇಡ. ಕತ್ತರಿಸಿದರೆ ಒಳಗೆ ಕೇಸರಿ ಕಂಡು ಜನ ಗಜ್ಜರಿಯಾ (ಕ್ಯಾರೆಟ್ಟಾ) ಅಂತ ಕೇಳುತ್ತಾರೆ, ಉತ್ತರ ಹೇಳುವುದರಲ್ಲೇ ಸಂತೆ ಮುಗಿಯುತ್ತದೆ.

ಮತ್ತೆ, ಕೀಳುವ ವಾರಕ್ಕೆ ಆಳಿಗೆ ಈಗಲೇ ಹೇಳಿಡಿ. ಜನವರಿಯಲ್ಲಿ ನಿಮ್ಮ ಕಡೆ ಜೋಳ, ಕಡಲೆ ಕೆಲಸವೂ ಬರುತ್ತದೆ, ಜಾತ್ರೆ ಬೇರೆ ಇದೆ. ಆಗ ಯಾರೂ ಸಿಗುವುದಿಲ್ಲ.