ಪದ ಬೇಕು: ಫೋಟೊಪೀರಿಯಡ್ (ನಾಳೆಯೇ ಬೋರ್ಡ್ ಬರೆಸಬೇಕು)

ಕುಮಟೆಯವ:
ಸೀಬಾಸ್ ಮೀನಿನ ಹ್ಯಾಚರಿಯಲ್ಲಿ (ಮೊಟ್ಟೆ ಒಡೆಸಿ ಮರಿ ಬೆಳೆಸುವ ಕಡೆ) ಕೆಲಸ. ಲಾರ್ವಾ (ಮೊಟ್ಟೆಯಿಂದ ಈಗಷ್ಟೇ ಬಂದ ಎಳೆ) ತೊಟ್ಟಿಗೆ ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲು. ಈ ಲೆಕ್ಕಕ್ಕೆ ಕನ್ನಡದಲ್ಲಿ ಏನನ್ನೋಣ? ಮೊನ್ನೆ ಪಾಳಿಯವರು ಕರೆಂಟ್ ಉಳಿಸೋಣ ಅಂತ ಸಂಜೆ 7ಕ್ಕೇ ಲೈಟ್ ಆಫ್ ಮಾಡಿದ್ದರು. ಈ ಲಾರ್ವಾಗಳೋ ಕಣ್ಣಿಂದ ನೋಡಿ ಹಿಡಿದು ತಿನ್ನುವಂಥವು. ಆರ್ಟೀಮಿಯಾ (ನಾವು ಹಾಕುವ ಸಣ್ಣ ಸಿಗಡಿಯಂಥ ಜೀವಿ) ತಿಂದಿದ್ದರೆ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಬಂದು ಹೊರಗಿಂದಲೇ ಕಾಣುತ್ತದೆ. ರಾತ್ರಿ 10ಕ್ಕೆ ಬೀಕರಿನಲ್ಲಿ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಹೆಚ್ಚಿನವು ಖಾಲಿ ಹೊಟ್ಟೆ.

ಮೇಷ್ಟ್ರು, ಧಾರವಾಡ:
ದ್ಯುತಿ ಅವಧಿ. ದ್ಯುತಿಸಂಶ್ಲೇಷಣೆ ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಚರ್ಚೆಗೆ ಏನಿದೆ ಇದರಲ್ಲಿ?

ಹಳಗನ್ನಡಪ್ರಿಯ:
ಪಾಳಿಯವರು ದ್ಯುತಿ ಓದಿ ಲೈಟ್ ಬಿಡುತ್ತಾರೋ? 'ಬೆಳಕುಹೊತ್ತು' ಅನ್ನಿ. ಬೇರು ನೋಡಿ, ಎಷ್ಟು ಚೆಂದ: ಬೆಳಕು, ಬೆಳೆ, ಬೆಳವಣಿಗೆ ಎಲ್ಲಾ ಒಂದೇ 'ಬೆಳ್'. ಬೆಳಕು ಬಿದ್ದರೆ ಬೆಳೆಯುತ್ತದೆ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

ತಮಿಳೂ ಬಲ್ಲವ, ಕೋಲಾರ:
ತಪ್ಪು. ಬೆಳಕು ಬಂದದ್ದು ಬಿಳುಪಿನ ಬೇರಿನಿಂದ. ತಮಿಳಿನಲ್ಲಿ ಆ ಬಿಳುಪಿಗೆ ವೆಳ್, ಬೆಳೆಯುವುದಕ್ಕೆ ವಿಳೈ. ಕನ್ನಡದಲ್ಲಿ 'ಇ' ಹೋಗಿ 'ಎ' ಬಂದದ್ದರಿಂದ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ. ಮೀನಿನ ವಿಷಯದಲ್ಲೂ ನಿಮ್ಮ ಮಾತು ನಿಲ್ಲದು. ಆಫ್ರಿಕನ್ ಕ್ಯಾಟ್‌ಫಿಶ್ ಲಾರ್ವಾ ಕತ್ತಲಲ್ಲೇ ಚೆನ್ನಾಗಿ ಬೆಳೆಯುತ್ತದೆ. ಬೆಳಕು ಜಾಸ್ತಿಯಾದರೆ ಒಂದನ್ನೊಂದು ಕಚ್ಚುತ್ತವೆ. ಅದು ಮೀಸೆಯಿಂದ ತಡಕಿ ತಿನ್ನುವ ರಾತ್ರಿ ಮೀನು. ಅದಕ್ಕೇನು 'ಕತ್ತಲವಣಿಗೆ' ಅನ್ನೋಣವೇ?

ಹಳಗನ್ನಡಪ್ರಿಯ:
ತಮಿಳು ತಂದು ಕನ್ನಡ ಅಳೆಯಬೇಡಿ. ಅದಿರಲಿ, 'ಲಾರ್ವಾ' ಯಾಕೆ ಎಲ್ಲರೂ ಸುಮ್ನೆ ನುಂಗಿದಿರಿ? ಲ್ಯಾಟಿನ್‌ನಲ್ಲಿ ಅದು ದೆವ್ವ, ಮುಖವಾಡ. 'ಮರಿ' ಇಲ್ಲವೇ?

ಕುಮಟೆಯವ:
ಮರಿ ಅಂದರೆ ನಮ್ಮಲ್ಲಿ ಕೆರೆಗೆ ಬಿಡುವ ಸೈಜಿನದು. ಇದು ಇನ್ನೂ ಕಣ್ಣು, ಬಾಲ ಅಷ್ಟೇ ಇರುವ ಎಳೆ. ಲಾರ್ವಾ ಇರಲಿ, ದೆವ್ವವಾದರೂ ಸರಿ.

ಮೇಷ್ಟ್ರು, ಧಾರವಾಡ:
ಡಿಂಬ ಅನ್ನಿ. ಪಾರಿಭಾಷಿಕ ಪದ ಸಂಸ್ಕೃತದಿಂದಲೇ ಬರಬೇಕು.

ತಮಿಳೂ ಬಲ್ಲವ, ಕೋಲಾರ:
ಯಾರ ರೂಲು? ಸ್ವಿಚ್ಚು, ಲೈಟು, ಟ್ಯಾಂಕು ಕನ್ನಡವಾಗಿ ಎಷ್ಟೋ ಕಾಲವಾಯಿತು. ಹೊರಗಿನ ಪದ ಬಂದಾಗೆಲ್ಲ ಸೂತಕ ಹಿಡಿಯಬೇಡಿ. ಕುಮಟೆಯವರೇ, 'ಬೆಳಕಿನ ಅವಧಿ' ಸಾಕು. ಹಾಗಂತ 24 ಗಂಟೆ ಮಾಡಿಬಿಡಬೇಡಿ. ಯುರೋಪಿನ ಸೀಬಾಸ್‌ಗೆ ಬಿಡುವಿಲ್ಲದೆ ಬೆಳಕು ಕೊಟ್ಟು ನೋಡಿದಾಗ ಗಾಳಿಚೀಲ (ನೀರಲ್ಲಿ ತೇಲಲು ಮೀನಿನ ಹೊಟ್ಟೆಯೊಳಗಿರುವ ಚೀಲ) ತುಂಬದವು, ದವಡೆ ಸೊಟ್ಟಗಾದವು ಹೆಚ್ಚು ಸಿಕ್ಕಿವೆ. ತಂಪು ಕಡಲಿನ ಕಾಡ್ (cod) ಮೀನಿನ ಕಥೆ ಬೇರೆ, ಅದರ ಲಾರ್ವಾಕ್ಕೆ ಹಗಲೂ ರಾತ್ರಿ ಬೆಳಕು ಒಗ್ಗುತ್ತದೆ.

ಕುಮಟೆಯವ:
ಬೋರ್ಡ್ ಆಯಿತು. 'ಬೆಳಕಿನ ಅವಧಿ: ಬೆಳಿಗ್ಗೆ 6ರಿಂದ ರಾತ್ರಿ 10. ನಡುವೆ ಆರಿಸಬೇಡಿ.' ಹೊಸ ಹುಡುಗ ಬಂದು ಕೇಳಿದ: 'ಏನನ್ನ ಆರಿಸಬಾರದು ಅಣ್ಣಾ? ಮೀನನ್ನಾ?'

ಹಳಗನ್ನಡಪ್ರಿಯ:
ನೋಡಿದಿರಾ! ದೀಪ ಆಱಿಸುವುದಕ್ಕೆ ಶಕಟರೇಫ, ಅಂದರೆ ಹಳಗನ್ನಡದ ಱ; ಆಯ್ದುಕೊಳ್ಳುವ ಆರಿಸುವುದಕ್ಕೆ ಬರೀ ರ. ಅದನ್ನು ಕೈಬಿಟ್ಟದ್ದೇ ತಪ್ಪಾಯಿತು. ಬೋರ್ಡಿನಲ್ಲಾದರೂ ಱ ಬರೆಸಿ.

ಕುಮಟೆಯವ:
ಪೇಂಟರ್ ಹೋಗಿಯಾಯಿತು. ಸ್ವಿಚ್ಚಿಗೇ ಟೇಪ್ ಸುತ್ತಿದ್ದೇನೆ.